ಸಿಹಿ ಬಿಟ್ಟವಳ ಕೆಫೆ ಸುತ್ತಾಟ

ದಾವಣಗೆರೆಯ ಕೆ.ಬಿ. ಬಡಾವಣೆ, ಎಸ್.ಎಸ್. ಬಡಾವಣೆಗಳಲ್ಲಿ ಈಗ ಬಂದಿರುವ ಕೆಫೆಗಳ ಬಗ್ಗೆ ಯಾರಾದರೂ ನನ್ನನ್ನು ಕೇಳಿದರೆ ಧೈರ್ಯವಾಗಿ ಹೇಳಬಲ್ಲೆ. ಎಲ್ಲಿಯ ಕುರ್ಚಿ ಮಂಡಿನೋವಿನವರಿಗೆ ಆಗಿಬರುತ್ತದೆ, ಎಲ್ಲಿ ಹಾಡಿನ ಸದ್ದಿಗೆ ಎದೆ ಅದುರುತ್ತದೆ, ಎಲ್ಲಿಯ ಕೇಕಿಗೆ ಮೊಟ್ಟೆ ಹಾಕುವುದಿಲ್ಲ, ಎಲ್ಲಾ ಗೊತ್ತು. ರುಚಿ ಹೆಂಗಿತ್ತು ಅಂತ ಮಾತ್ರ ಕೇಳಬಾರದು. ಆರು ತಿಂಗಳು ಅಷ್ಟೂ ಕಡೆ ಹೋಗಿ ಕೂತು ಬಂದೆ, ಒಂದು ಚಮಚ ಸಿಹಿಯನ್ನೂ ಬಾಯಿಗೆ ಇಟ್ಟವಳಲ್ಲ.

ಹೋಗಿದ್ದು ನನ್ನ ಸೊಸೆಗೋಸ್ಕರ.

ಅವಳು ರಾಣೆಬೆನ್ನೂರು ಕಡೆಯವಳು. ಮದುವೆಯಾಗಿ ಬಂದ ಮೂರನೇ ದಿನ, ನೆಂಟರೆಲ್ಲ ಕೂತಿದ್ದ ಪಂಕ್ತಿಯಲ್ಲಿ, ಹೊಸ ಮದುಮಗಳು ಅನ್ನುವ ಸಂಕೋಚವೇ ಇಲ್ಲದೆ "ಅತ್ತೆ, ಇನ್ನೊಂದು" ಅಂತ ಹೋಳಿಗೆಗೆ ಕೈ ಚಾಚಿದಳು. ಪಂಕ್ತಿಯೆಲ್ಲ ನಕ್ಕಿತು. ಉಣ್ಣೋ ಸೊಸೆ ಸಿಕ್ಕಳು, ನಿನ್ನ ಒಲೆ ಮೇಲಿನ ಹಂಚು ಇನ್ನು ಆರೋ ಹಂಗಿಲ್ಲ ಬಿಡು ಅಂತ ನನ್ನ ನಾದಿನಿ ಚುಚ್ಚಿದಳು. ನನಗೆ ಮಾತ್ರ ಒಳಗೊಳಗೇ ಖುಷಿ. ಹೆಣ್ಣುಮಕ್ಕಳಿಲ್ಲದ ಮನೆ ನಮ್ಮದು. ನನ್ನ ಗಂಡ, ಮಗ ಇಬ್ಬರೂ ತಟ್ಟೆಗೆ ಬಿದ್ದದ್ದನ್ನು ತಿಂದು ಎದ್ದುಹೋಗುವ ಪೈಕಿ. ಇಪ್ಪತ್ತೆಂಟು ವರ್ಷ ಅಡಿಗೆ ಮಾಡಿದವಳಿಗೆ ಬಾಯಿಬಿಟ್ಟು ಕೇಳಿ ಉಣ್ಣುವವರು ಸಿಕ್ಕಿದ್ದು ಅದೇ ಮೊದಲು.

ಹೋದ ಸಂಕ್ರಾಂತಿ ಕಳೆದ ಮೇಲೆ ಅವಳ ಹೊಟ್ಟೆಯಲ್ಲಿ ಐದು ತಿಂಗಳಾಗಿದ್ದ ಮಗು ಹೋಯಿತು. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಅವಳ ತಾಯಿ ಬಂದು ಒಂದು ತಿಂಗಳು ನೋಡಿಕೊಂಡು ಹೋದರು. ಮೈ ಸುಧಾರಿಸಿತು, ಡಾಕ್ಟರಮ್ಮನೂ ಎಲ್ಲಾ ಸರಿ ಐತೆ ಅಂದರು. ಆದರೆ ಹುಡುಗಿ ಕೇಳುವುದನ್ನು ಬಿಟ್ಟಳು. ಬಡಿಸಿದರೆ ತಿನ್ನುತ್ತಿದ್ದಳು, ಮಾತ್ರೆ ನುಂಗಿದ ಹಾಗೆ. ಬಡಿಸದಿದ್ದರೆ ಖಾಲಿ ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ಉಪ್ಪು ಕಮ್ಮಿಯಾದರೂ ಹೇಳಳು, ಹೆಚ್ಚಾದರೂ ಹೇಳಳು. ಒಂದು ದಿನ ಬೇಕಂತಲೇ ಸಾರಿಗೆ ಉಪ್ಪು ಹಾಕದೆ ಇಟ್ಟೆ. ಪೂರ್ತಿ ತಿಂದು ತಟ್ಟೆ ತೊಳೆದಿಟ್ಟಳು. ಆವತ್ತು ನನಗೆ ಭಯವಾಯಿತು.

ನನ್ನ ತವರು ಹರಿಹರ. ಮನಸ್ಸಿಗೆ ಭಾರವಾದರೆ ನಾನು ಬಸ್ಸು ಹತ್ತುವುದು ಆ ಕಡೆಗೇ. ದಾರಿಯಲ್ಲಿ ಬಾತಿ ಗುಡ್ಡ ಕಂಡಿತು ಅಂದರೆ ಅರ್ಧ ಭಾರ ಇಳಿಯುತ್ತದೆ. ಒಂದು ಸೋಮವಾರ ಹೋಗಿ ಹರಿಹರೇಶ್ವರನ ಮುಂದೆ ನಿಂತೆ. ಅರ್ಧ ಹರ, ಅರ್ಧ ಹರಿಯಾಗಿ ನಿಂತ ದೇವರು. ಇಬ್ಬರಲ್ಲಿ ಒಬ್ಬರಾದರೂ ಕೇಳಿಸಿಕೊಳ್ಳುತ್ತಾರೆ ಅನ್ನುವುದು ಚಿಕ್ಕಂದಿನಿಂದ ನನ್ನ ನಂಬಿಕೆ. ಈ ಹುಡುಗಿ ತಾನಾಗಿ ಬಾಯಿಬಿಟ್ಟು ಇನ್ನೊಂದು ಬೇಕು ಅಂತ ಕೇಳುವವರೆಗೆ ನನ್ನ ನಾಲಿಗೆಗೆ ಸಿಹಿ ಬ್ಯಾಡ ಅಂತ ಹರಕೆ ಹೊತ್ತೆ. ಮಗು ಕೊಡು ಅಂತ ಕೇಳಲಿಲ್ಲ. ಹಸಿವು ಕೊಡು ಅಂದೆ.

ಹರಕೆಯನ್ನು ಯಾರಿಗೂ ಹೇಳಬಾರದು ಅನ್ನುವುದು ನಮ್ಮವ್ವ ಕಲಿಸಿದ ಪಾಠ. ಹೇಳಿದರೆ ಅದು ದೇವರ ಜೊತೆಗಿನ ಮಾತಾಗಿ ಉಳಿಯದೆ ಬೇರೆಯವರ ತಲೆಮೇಲಿನ ಹೊರೆಯಾಗುತ್ತದಂತೆ. ಹಾಗಾಗಿ ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ.

ಹೊರುವಾಗ ನಾನು ಸರಿಯಾಗಿ ಯೋಚಿಸಿರಲಿಲ್ಲ. ಸಿಹಿ ಅಂದರೆ ಹೋಳಿಗೆ, ಲಾಡು, ಪಾಯಸ ಅಂತ ಮನಸ್ಸಿನಲ್ಲಿತ್ತು. ಮಾರನೆಯ ಬೆಳಿಗ್ಗೆ ಚಹಾ ಮುಂದೆ ಬಂದಾಗ ಗೊತ್ತಾಯಿತು. ಆಮೇಲೆ ಒಂದೊಂದೇ ತಿಳಿಯುತ್ತಾ ಹೋಯಿತು. ಬ್ರೆಡ್ಡಿನಲ್ಲಿ ಸಕ್ಕರೆ, ಟೊಮೆಟೊ ಸಾಸಿನಲ್ಲಿ ಸಕ್ಕರೆ, ನಾನೇ ಮಾಡುವ ಹುಣಸೆ ಗೊಜ್ಜಿನಲ್ಲಿ ಬೆಲ್ಲ. ಪ್ರಸಾದ ಕೊಟ್ಟರೆ ಕಣ್ಣಿಗೊತ್ತಿಕೊಂಡು ಪಕ್ಕದವರ ಕೈಗೆ ದಾಟಿಸುತ್ತಿದ್ದೆ. ಯುಗಾದಿ ದಿನ ಬೇವು ಬೆಲ್ಲದಲ್ಲಿ ಬೆಲ್ಲ ಬಿಟ್ಟು ಬರೀ ಬೇವು ಅಗಿದೆ. ಅದನ್ನು ನೋಡಿದ ನನ್ನ ಗಂಡ, ಇವಳಿಗೆ ಶುಗರ್ ಬಂದೈತೆ, ಹೇಳದೆ ಮುಚ್ಚಿಡ್ತಿದಾಳೆ ಅಂತ ತೀರ್ಮಾನ ಮಾಡಿ ರಕ್ತ ಪರೀಕ್ಷೆಗೆ ಎಳೆದುಕೊಂಡು ಹೋದರು. ರಿಪೋರ್ಟಿನಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದವಳು ಸಪ್ಪೆ ಚಹಾ ಯಾಕ ಕುಡೀತೀಯ ಅಂತ ದಾರಿಯುದ್ದಕ್ಕೂ ಗೊಣಗಿದರು.

ದಿನಾ ಸಂಜೆ ದೀಪ ಹಚ್ಚಿದ ಮೇಲೆ ಆವತ್ತಿನ ದೇವರ ದಯೆಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುವುದು ನನ್ನ ರೂಢಿ. ಆ ಸಂಜೆ ಆ ರಿಪೋರ್ಟಿಗೂ ಒಂದು ಗೆಣ್ಣು ಕೊಟ್ಟೆ. ಹರಕೆ ಹೊರದಿದ್ದರೆ ನನ್ನ ರಕ್ತ ಚೆನ್ನಾಗಿದೆ ಅಂತ ತಿಳಿಯುತ್ತಲೇ ಇರಲಿಲ್ಲ.

ಕೆಫೆ ಶುರುವಾಗಿದ್ದು ಕಾಲುನೋವಿನಿಂದ. ಸಂಜೆ ಹುಡುಗಿಯನ್ನು ಸ್ವಲ್ಪ ನಡೆಸಿರಿ ಅಂತ ಡಾಕ್ಟರಮ್ಮ ಹೇಳಿದ್ದರು. ಒಂದು ಬುಧವಾರ ಕೆ.ಬಿ. ಬಡಾವಣೆಯಲ್ಲಿ ಎರಡು ಸುತ್ತು ಹಾಕುವಷ್ಟರಲ್ಲಿ ನನ್ನ ಮಂಡಿ ಸೋತಿತು. ಎದುರಿಗೆ, ಮೊದಲು ಹಲ್ಲಿನ ಡಾಕ್ಟರೊಬ್ಬರು ಇದ್ದ ಮನೆ, ಈಗ ಗಾಜಿನ ಗೋಡೆಯ ಕೆಫೆಯಾಗಿ ನಿಂತಿತ್ತು. ಒಳಗೆ ಹೋಗಿ ಕೂತೆವು. ಮೆನು ಕಾರ್ಡು ಕೇಳಿದರೆ ಮೇಜಿನ ಮೇಲಿನ ಚೌಕಟ್ಟಿನಲ್ಲಿ ಕಪ್ಪು ಚುಕ್ಕಿಗಳ ರಂಗೋಲಿ ತೋರಿಸಿದರು. ಅದನ್ನು ಫೋನಿನಲ್ಲಿ ಹಿಡಿಯಬೇಕಂತೆ. ಸೊಸೆ ಹಿಡಿದಳು. ನಾನು ಮೊದಲು ಕೇಳಿದ್ದು ಮೊಟ್ಟೆ ಹಾಕಲ್ಲ ತಾನೇ ಅಂತ. ಆಮೇಲೆ ಅವಳಿಗೆ ಏನು ಬೇಕು ಅಂದೆ. ನೀವೇ ಹೇಳ್ರಿ ಅಂದಳು. ಬಾಯಿಗೆ ಬಂದ ಒಂದು ಹೆಸರು ಹೇಳಿದೆ.

ಬಂದದ್ದು ಕಾದ ಕಬ್ಬಿಣದ ತಟ್ಟೆ. ಅದರ ಮೇಲೆ ಕರಿ ಕೇಕು, ಅದರ ಮೇಲೆ ಐಸ್‌ಕ್ರೀಂ. ತಂದ ಹುಡುಗಿ ಮೇಲಿಂದ ಚಾಕೊಲೇಟ್ ಸುರಿದಳು ನೋಡಿ, ಚುರ್ ಅಂತ ಹೊಗೆ ಎದ್ದು ನನ್ನ ಮುಖದ ಮುಂದೆಯೇ ಬಂತು. ನನಗೆ ಏನಾಯಿತೋ, ಎರಡೂ ಅಂಗೈ ಹೊಗೆಯ ಮೇಲೆ ಆಡಿಸಿ ಕಣ್ಣಿಗೊತ್ತಿಕೊಂಡೆ. ಮಂಗಳಾರತಿ ತಗೊಂಡ ಹಾಗೆ. ಐವತ್ತು ವರ್ಷದ ಅಭ್ಯಾಸ, ಕೈ ಬುದ್ಧಿಯನ್ನು ಕೇಳುವುದಿಲ್ಲ. ಪಕ್ಕದ ಮೇಜಿನ ಕಾಲೇಜು ಹುಡುಗರು ತಿರುಗಿ ನೋಡಿದರು. ನಾಚಿಕೆಯಿಂದ ತಲೆ ತಗ್ಗಿಸಿದವಳು ಓರೆಗಣ್ಣಿನಲ್ಲಿ ಸೊಸೆಯನ್ನು ನೋಡಿದೆ. ಅವಳ ತುಟಿಯ ಒಂದು ತುದಿ ಅಲ್ಲಾಡಿತ್ತು. ನಗು ಅನ್ನುವಷ್ಟು ದೊಡ್ಡದಲ್ಲ. ಆದರೂ ಸಂಜೆಯ ಎಣಿಕೆಯಲ್ಲಿ ಮೊದಲನೆಯ ಗೆಣ್ಣು ಅದಕ್ಕೇ ಹೋಯಿತು.

ಎರಡು ಚಮಚ ತಿಂದು ಬಿಟ್ಟಳು. ಆದರೆ ಒಂದು ಗಂಟೆ ಅಲ್ಲಿ ಕೂತಳು, ಗಾಜಿನಾಚೆಯ ರಸ್ತೆ ನೋಡುತ್ತಾ. ಮನೆಯಲ್ಲಿ ಅಷ್ಟು ಹೊತ್ತು ನೆಮ್ಮದಿಯಾಗಿ ಕೂರಲು ಆಗುತ್ತಿರಲಿಲ್ಲ ಅವಳಿಗೆ. ಯಾರಾದರೂ ಬರುತ್ತಿದ್ದರು, ಬಂದವರು ಮುಖ ಸಪ್ಪಗೆ ಮಾಡಿಕೊಂಡು ಹೆಂಗಾಯ್ತವ್ವ, ಎಷ್ಟು ತಿಂಗಳಾಗಿತ್ತು ಅಂತ ಕೇಳುತ್ತಿದ್ದರು. ಕೆಫೆಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಅಲ್ಲಿ ಅವಳು ಬರೀ ಒಬ್ಬ ಗಿರಾಕಿ. ಆ ಗಾಜಿನ ಮನೆಗಳು ಯಾಕೆ ಹುಡುಗರಿಂದ ತುಂಬಿರುತ್ತವೆ ಅನ್ನುವುದು ನನಗೆ ಆವತ್ತು ಅರ್ಥವಾಯಿತು.

ಅಲ್ಲಿಂದ ಬುಧವಾರ ಅಂದರೆ ಕೆಫೆ ಅಂತಾಯಿತು. ನನ್ನ ಮಗ ಮೋಟಾರ್ ಬಿಡಿಭಾಗಗಳ ಆರ್ಡರು ಹಿಡಿಯಲು ಆ ದಿನ ಚಿತ್ರದುರ್ಗದ ಕಡೆ ಹೋಗುತ್ತಾನೆ, ಬರುವುದು ತಡ. ಒಮ್ಮೆ ಹೋದ ಕಡೆ ಮತ್ತೆ ಬ್ಯಾಡ, ಹೊಸದು ಹುಡುಕೋಣ ಅಂತ ನಾನೇ ನಿಯಮ ಮಾಡಿದೆ. ಜೇನುಗೂಡಿನ ಹಾಗೆ ಗುಳಿ ಗುಳಿ ಇರುವ ವಾಫಲ್ ತಿನ್ನಿಸಿದೆ. ಗುಳಿಗಳಲ್ಲಿ ಜೇನು ಸುರಿದುಕೊಂಡು ಬಂದಾಗ ನಮ್ಮ ಪಡ್ಡಿನ ಹಂಚನ್ನು ಯಾರೋ ತುಳಿದು ಚಪ್ಪಟೆ ಮಾಡಿದ ಹಾಗಿದೆ ಅಂದೆ. ಉದ್ದ ಲೋಟದಲ್ಲಿ ಫಾಲೂದಾ ತರಿಸಿದೆ. ಒಂದು ಕಡೆ ಕುರ್ಚಿ ಎಷ್ಟು ಎತ್ತರ ಅಂದರೆ, ಹತ್ತಿದ್ದು ಹತ್ತಿದೆ, ಇಳಿಯಲು ಸೊಸೆ ಸೊಂಟ ಹಿಡಿಯಬೇಕಾಯಿತು. ನಾನು ಮಾತ್ರ ಎಲ್ಲಾ ಕಡೆ ಉಪ್ಪು ಹಾಕಿದ ನಿಂಬೆ ಸೋಡಾ. ಸಕ್ಕರೆ ಹಾಕಬ್ಯಾಡಮ್ಮ ಅಂತ ಎರಡೆರಡು ಸಲ ಹೇಳಿ, ಅವಳ ಚಮಚ ಎಷ್ಟು ಸಲ ಬಾಯಿಗೆ ಹೋಯಿತು ಅಂತ ನೋಡುತ್ತಾ ಕೂರುತ್ತಿದ್ದೆ. ಮೂರು, ನಾಲ್ಕು, ಒಮ್ಮೆ ಐದು. ಇನ್ನೊಂದು ಅನ್ನುವ ಮಾತು ಬರಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಎಸ್.ಎಸ್. ಬಡಾವಣೆಯ ಆ ಚಿಕ್ಕ ಅಂಗಡಿ ಸಿಕ್ಕಿತು. ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ. ಆರು ಮೇಜು, ಸಾದಾ ಕುರ್ಚಿ. ನಡೆಸುವವಳು ಮೂವತ್ತರ ಒಬ್ಬ ಮುಸಲ್ಮಾನರ ಹೆಣ್ಣುಮಗಳು. ತಾನೇ ಬೇಯಿಸುತ್ತಾಳೆ, ತಾನೇ ತಂದುಕೊಡುತ್ತಾಳೆ, ಖಾಲಿ ಇದ್ದರೆ ಬಂದು ಪಕ್ಕದಲ್ಲೇ ಕೂರುತ್ತಾಳೆ. ನಾನು ಮೊಟ್ಟೆಯ ವಿಷಯ ಕೇಳಿದಾಗ ಬೇಸರ ಮಾಡಿಕೊಳ್ಳಲಿಲ್ಲ. ಒಳಗೆ ಕರೆದು, ಮೊಟ್ಟೆಯದಕ್ಕೆ ಬೇರೆ ಪಾತ್ರೆ, ಇಲ್ಲದ್ದಕ್ಕೆ ಬೇರೆ ಪಾತ್ರೆ ಅಂತ ತೋರಿಸಿದಳು. ಅವಳ ಖರ್ಜೂರದ ಕೇಕು ಮೊಟ್ಟೆ ಇಲ್ಲದ್ದು. ಸೊಸೆ ಅದನ್ನು ಅರ್ಧ ತಿಂದಳು. ಒಮ್ಮೆ ಹೋದ ಕಡೆ ಮತ್ತೆ ಬ್ಯಾಡ ಅನ್ನುವ ನಿಯಮವನ್ನು ಅಲ್ಲಿಗೆ ಮುರಿದೆ. ಮೂರು ಬುಧವಾರ ಅಲ್ಲಿಗೇ ಹೋದೆವು.

ಮೂರನೇ ಸಲ ಆ ಹೆಣ್ಣುಮಗಳು ನನ್ನ ಮುಂದೆ ಒಂದು ತಟ್ಟೆ ತಂದಿಟ್ಟಳು. ದುಡ್ಡು ಬ್ಯಾಡ, ನೀವೂ ನನ್ನ ಕೈರುಚಿ ನೋಡ್ರಿ ಅಂದಳು. ನಾನು ತಟ್ಟೆ ಮುಟ್ಟಿ ಕೈ ಕಣ್ಣಿಗೊತ್ತಿಕೊಂಡು ಸೊಸೆಯ ಕಡೆ ಸರಿಸಿದೆ. ಆ ಹೆಣ್ಣುಮಗಳು ಒಂದು ಗಳಿಗೆ ನನ್ನನ್ನೇ ನೋಡಿದಳು.

"ಅಮ್ಮಾ, ಮನ್ನತ್ ಇಟ್ಕೊಂಡಿದೀರಾ?" ಅಂದಳು. "ನಮ್ಮಮ್ಮನೂ ಹಿಂಗೇ ಮಾಡ್ತಿದ್ರು. ನಮ್ಮ ತಮ್ಮಗೆ ನಾಕು ವರ್ಷ ಆದ್ರೂ ಮಾತು ಬಂದಿರಲಿಲ್ಲ. ಬರೋವರೆಗೂ ಮಾವಿನಹಣ್ಣು ಮುಟ್ಟಲಿಲ್ಲ. ಕೊಟ್ಟೋರ ಮನಸ್ಸು ನೋಯಬಾರದು ಅಂತ ಹಿಂಗೇ ಕಣ್ಣಿಗೊತ್ಕೊಂಡು ನಮಗೆ ಕೊಡೋರು."

ಮನ್ನತ್ ಅಂದರೆ ನಮ್ಮ ಹರಕೆಯೇ. ನಾನು ನಿಂಬೆ ಸೋಡಾದ ಲೋಟ ಎತ್ತಿಕೊಂಡೆ. ಸೊಸೆ ಚಮಚ ಕೆಳಗಿಟ್ಟಳು. ಸಪ್ಪೆ ಚಹಾ, ಯುಗಾದಿಯ ಬೇವು, ನಿಂಬೆ ಸೋಡಾ, ಎಲ್ಲಾ ಅವಳ ತಲೆಯಲ್ಲಿ ಸಾಲಾಗಿ ಕೂತದ್ದು ಮುಖದಲ್ಲೇ ಕಂಡಿತು. ಮನೆಗೆ ಬರುವ ದಾರಿಯಲ್ಲಿ ಯಾವುದಕ್ಕೆ ಅಂತ ಕೇಳಿದಳು. ಸುಳ್ಳು ಹೇಳಲು ನನಗೆ ಬರುವುದಿಲ್ಲ. ಹೇಳಿದೆ. ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದು ಮನೆ ಸೇರಿದಳು.

ಮಾರನೆಯ ಬೆಳಿಗ್ಗೆ ದೋಸೆ ಹಾಕುತ್ತಿದ್ದೆ. ಅಡಿಗೆಮನೆಯಲ್ಲಿ ನಾವಿಬ್ಬರೇ. ಹಿಂದಿನಿಂದ ಅವಳ ದನಿ ಬಂತು.

"ಅತ್ತೆ, ಇನ್ನೊಂದು ಹಾಕ್ರಿ."

ನನ್ನ ಕೈಯ ಸೌಟು ನಿಂತಿತು. ಐದು ತಿಂಗಳು ಕಾದ ಮಾತು. ತಿರುಗಿ ನೋಡಿದೆ. ಅವಳ ತಟ್ಟೆಯಲ್ಲಿ ಮೊದಲನೆಯ ದೋಸೆ ಅರ್ಧ ಹಾಗೇ ಇತ್ತು.

"ಮೊದಲು ಅದು ಮುಗೀಲಿ" ಅಂದೆ.

"ಕೇಳಿದೆನಲ್ಲ, ಆಯ್ತು ನಿಮ್ಮ ಹರಕೆ. ಇವತ್ತು ಚಹಾಕ್ಕೆ ಸಕ್ಕರೆ ಹಾಕ್ಕೊಳ್ರಿ."

"ಹಸಿವಿಲ್ಲದೆ ಕೇಳಿದ್ದು ನಡೆಯಲ್ಲ ಕಣವ್ವ. ನೀನು ನನಗೆ ಸುಳ್ಳು ಹೇಳಬಹುದು, ನಾನು ಹರಿಹರಕ್ಕೆ ಹೋಗಿ ದೇವರಿಗೆ ಹೇಳೋಕಾಗಲ್ಲ."

ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. ದನಿ ಎತ್ತರಿಸಲಿಲ್ಲ. "ಎಲ್ಲರಿಗೂ ನನ್ನ ಹೊಟ್ಟೆಯಿಂದಾನೇ ಏನೋ ಒಂದು ಬೇಕು ಅತ್ತೆ. ಮೊದಲು ಮಗು ಬೇಕಿತ್ತು. ಈಗ ನಿಮಗೆ ಹಸಿವು ಬೇಕು."

ಹಂಚಿನ ಮೇಲಿನ ದೋಸೆ ಸೀದು ವಾಸನೆ ಬಂದಾಗಲೇ ನನಗೆ ಎಚ್ಚರ. ಅವಳು ಎದ್ದು ಕೋಣೆಗೆ ಹೋಗಿಯಾಗಿತ್ತು.

ಆ ದಿನ ಪೂಜೆಗೆ ಕೂತರೂ ಮನಸ್ಸು ನಿಲ್ಲಲಿಲ್ಲ. ಹರಕೆಯನ್ನು ಹೇಳಿದರೆ ಬೇರೆಯವರಿಗೆ ಹೊರೆ ಅಂತ ನಮ್ಮವ್ವ ಅಂದಿದ್ದಳು. ಹೇಳದೆಯೇ ನಾನು ಹೊರೆ ಹೊರಿಸಿದ್ದೆ. ಪ್ರತಿ ಬುಧವಾರ ಅವಳ ಚಮಚವನ್ನು ನಾನು ಎಣಿಸುವುದು ಅವಳಿಗೆ ಕಾಣದೇ ಇರುತ್ತದೆಯೇ? ಬಾಗಿಲಿಗೆ ಬಂದು ಎಷ್ಟು ತಿಂಗಳಾಗಿತ್ತು ಅಂತ ಕೇಳುವ ನೆಂಟರಿಗೂ, ಎದುರು ಕೂತು ಎಷ್ಟು ಚಮಚವಾಯಿತು ಅಂತ ನೋಡುವ ನನಗೂ ಏನು ವ್ಯತ್ಯಾಸ? ಹೊತ್ತ ಹರಕೆಯನ್ನು ವಾಪಸು ತಗೊಳ್ಳಲು ಬರುವುದಿಲ್ಲ. ಆದರೆ ಮಾಡಿದ ತಪ್ಪನ್ನು ಒಪ್ಪಿಕೊಳ್ಳಲು ಬರುತ್ತದೆ. ಸಂಜೆ ಅವಳ ಕೋಣೆಯ ಬಾಗಿಲಲ್ಲಿ ನಿಂತು ತಪ್ಪಾಯ್ತವ್ವ ಅಂದೆ. ನನ್ನ ಅತ್ತೆ ನನಗೆ ಎಂದೂ ಹೇಳದ ಮಾತು ಅದು. ಹೇಳಿದರೆ ಮನೆ ಬೀಳುತ್ತದೆ ಅಂತ ಅವರು ತಿಳಿದಿದ್ದರೋ ಏನೋ. ನಮ್ಮ ಮನೆ ಬೀಳಲಿಲ್ಲ.

ಮುಂದಿನ ಬುಧವಾರ ನಾನು ಹೊರಡುವ ಮಾತೆತ್ತಲಿಲ್ಲ. ಕೆಫೆಯ ಕಾಲ ಮುಗಿಯಿತು ಅಂದುಕೊಂಡು ಹುರಳಿಕಾಯಿ ಮುರಿಯುತ್ತಾ ಕೂತಿದ್ದೆ. ಐದು ಗಂಟೆಗೆ ಅವಳೇ ಚಪ್ಪಲಿ ಮೆಟ್ಟಿಕೊಂಡು ಬಂದು ನಿಂತಳು.

"ಹೋಗಣ ಬರ್ರಿ. ಆದ್ರೆ ನನ್ನ ತಟ್ಟೆ ನೋಡಬಾರದು ನೀವು."

ಒಪ್ಪಿದೆ. ಅದೇ ಖರ್ಜೂರದ ಕೇಕಿನ ಅಂಗಡಿಯಲ್ಲಿ ಅವಳು ಗೋಡೆಯ ಕಡೆ, ನಾನು ಅವಳಿಗೆ ಅಡ್ಡಲಾಗಿ, ಬೀದಿಯ ಕಡೆ ಮುಖ ಮಾಡಿ ಕೂರುವುದು. ಮೊದಲ ವಾರ ಕುತ್ತಿಗೆ ತಾನಾಗಿ ತಿರುಗುತ್ತಿತ್ತು. ಅತ್ತೆ ಅಂತ ಒಂದೇ ಮಾತಿನಲ್ಲಿ ಅವಳು ಎಚ್ಚರಿಸುತ್ತಿದ್ದಳು. ಕ್ರಮೇಣ ಬೀದಿ ನೋಡುವುದು ರೂಢಿಯಾಯಿತು. ಸ್ಕೂಟಿ ಕಲಿಯುವ ಹೆಂಗಸರು, ಹೂವಿನ ತಳ್ಳುಗಾಡಿ, ನಾಯಿಯನ್ನು ಎಳೆದುಕೊಂಡು ಹೋಗುವವರು, ನಾಯಿಯೇ ಎಳೆದುಕೊಂಡು ಹೋಗುತ್ತಿರುವವರು. ಅದೂ ಬೇಸರವಾದರೆ ಒಳಗೆ ಹೋಗಿ ಆ ಹೆಣ್ಣುಮಗಳ ಒಲೆಯ ಹತ್ತಿರ ನಿಲ್ಲುತ್ತಿದ್ದೆ. ಬೆಲ್ಲದ ಪಾಕ ಅವಳಿಗೆ ಯಾವಾಗಲೂ ಗಟ್ಟಿಯಾಗಿಬಿಡುತ್ತಿತ್ತು. ತಟ್ಟೆಯ ನೀರಿಗೆ ಒಂದು ಹನಿ ಬಿಟ್ಟು ನೋಡು, ಬೆರಳಿಗೆ ಮೆತ್ತಗೆ ಸಿಕ್ಕರೆ ಇಳಿಸು ಅಂತ ಹೇಳಿಕೊಟ್ಟೆ. ರುಚಿ ನೋಡದೆ ಪಾಕ ಹೇಳಿಕೊಡುವವರನ್ನು ನಾನು ಇವತ್ತೇ ಕಂಡಿದ್ದು ಅಂತ ಅವಳು ನಕ್ಕಳು. ಕಣ್ಣಿಗೆ ಗೊತ್ತಾಗುತ್ತದೆ, ನಾಲಿಗೆ ಬ್ಯಾಡ ಅಂದೆ. ಸ್ವಲ್ಪ ಜಂಬವೂ ಇತ್ತು ಅನ್ನಿ.

ಶ್ರಾವಣದ ಮೊದಲ ಬುಧವಾರ. ಒಳಗೆ ಇಬ್ಬರೂ ಪಾಕದ ಮುಂದೆ ನಿಂತಿದ್ದೆವು. ಪಾಕ ಹದಕ್ಕೆ ಬರುತ್ತಿತ್ತು, ನನ್ನ ಗಮನವೆಲ್ಲ ಅದರ ಗುಳ್ಳೆಗಳ ಮೇಲೆ. ಹೊರಗಿನ ಕೋಣೆಯಿಂದ ಸೊಸೆ ಆ ಹೆಣ್ಣುಮಗಳನ್ನು ಕರೆದದ್ದು ಕೇಳಿಸಿತು.

"ಅಕ್ಕಾ, ಇನ್ನೊಂದು ಪೀಸ್ ಕೊಡ್ರಿ. ಮೂಲೇದು ಕೊಡ್ರಿ, ಗರಿಗರಿ ಇರೋದು."

ನನ್ನ ಪಕ್ಕದವಳ ಸೌಟು ನಿಂತಿತು. ಹರಕೆ ಯಾವುದಕ್ಕೆ ಅಂತ ಸೊಸೆಯೇ ಅವಳಿಗೆ ಹೇಳಿದ್ದಳು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ತಿರುವು, ತಳ ಹಿಡೀತೈತೆ ಅಂತ ಅವಳಿಗೆ ಪಿಸುಗುಟ್ಟಿದೆ.  ಮೂಲೆಯ ತುಂಡು ಕೊಯ್ದು ಅವಳು ಹೊರಗೆ ಹೋದಳು. ನಾನು ಹಿಂದೆ ಹೋಗಲಿಲ್ಲ. ನೋಡಬಾರದು ಅಂತ ಮಾತಾಗಿತ್ತಲ್ಲ. ಒಲೆ ಆರಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ಒಂದು ಲೋಟ ನೀರು ಕುಡಿದೆ.

ಆಮೇಲೆ ಬಂದು ಕೂತಾಗ ತಟ್ಟೆ ಕಾಣಿಸಿಯೇ ಕಾಣಿಸಿತು. ಚೂರು ಪುಡಿಯನ್ನೂ ಬೆರಳಿನಿಂದ ಒತ್ತಿ ತೆಗೆದು ತಿಂದ ಗುರುತಿತ್ತು. ಅವಳು ಫೋನಿನಲ್ಲಿ ಏನೋ ನೋಡುತ್ತಾ, ಈ ಸಲ ಕೇಕು ಚೆನ್ನಾಗಿ ಆಗೈತೆ ಅಂದಳು. ತಾನು ಕೇಳಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಮೂಲೆಯದೇ ಬೇಕು, ಗರಿಗರಿ ಇರಬೇಕು ಅಂತ ಯಾರಾದರೂ ಅತ್ತೆಯ ಹರಕೆ ತೀರಿಸಲು ಕೇಳುತ್ತಾರೆಯೇ? ಅದು ಹಸಿವಿನ ಮಾತು. ನನಗೆ ಅನುಮಾನವೇ ಉಳಿಯಲಿಲ್ಲ.

ದಾರಿಯಲ್ಲಿ ಹೇಳಿದೆ. ಅವಳು ರಸ್ತೆಯ ಮಧ್ಯದಲ್ಲೇ ನಿಂತುಬಿಟ್ಟಳು. ಹಿಂದೆ ಬಂದ ಆಟೋದವನು ಬೈದುಕೊಂಡು ಹೋದ. ಆಮೇಲೆ ನನ್ನ ಕೈ ಹಿಡಿದು ಹಾಗೇ ಮನೆಯವರೆಗೆ ಬಂದಳು. ಸಕ್ಕರೆ ಡಬ್ಬಿ ತೆಗೆಯಲು ಹೋದವಳನ್ನು ನಾನು ತಡೆದೆ. ಹೊತ್ತ ಜಾಗದಲ್ಲೇ ಇಳಿಸಬೇಕು, ಸೋಮವಾರ ಬರಲಿ ಅಂದೆ. ಇನ್ನೂ ಐದು ದಿನಾನಾ, ನಿಮ್ಮ ದೇವರಿಗಿಂತ ನೀವೇ ಕಟ್ಟುನಿಟ್ಟು ಅಂತ ರೇಗಿದಳು. ರೇಗುವ ಸೊಸೆ ವಾಪಸು ಬಂದಿದ್ದಳು. ಅದಕ್ಕೂ ಒಂದು ಗೆಣ್ಣು.

ಸೋಮವಾರ ಇಬ್ಬರೂ ಹರಿಹರದ ಬಸ್ಸು ಹತ್ತಿದೆವು. ಶ್ರಾವಣದ ಜನ. ಸರತಿಯಲ್ಲಿ ನಿಂತು ಒಳಗೆ ಹೋಗುವಷ್ಟರಲ್ಲಿ ಮಂಡಿ ಬಿಗಿದಿತ್ತು. ಕಾಯಿ ಒಡೆಸಿ, ಬೆಲ್ಲ ನೈವೇದ್ಯಕ್ಕೆ ಕೊಟ್ಟೆ. ಕೇಳಿದ್ದು ಕೊಟ್ಟೆಯಪ್ಪ, ಉಳಿದದ್ದು ನಿನಗೆ ಬಿಟ್ಟಿದ್ದು ಅಂದೆ. ಅಷ್ಟೇ ಅಂದಿದ್ದು. ಸೊಸೆ ನನಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿ ನಿಂತಳು. ಏನು ಕೇಳಿಕೊಂಡೆ ಅಂತ ನಾನು ವಿಚಾರಿಸಲಿಲ್ಲ. ಅಷ್ಟು ಬುದ್ಧಿ ನನಗೆ ಬಂದಿತ್ತು.

ಪ್ರಸಾದದ ಬೆಲ್ಲದಲ್ಲಿ ಒಂದು ಚೂರು ಅವಳೇ ನನ್ನ ಬಾಯಿಗೆ ಇಟ್ಟಳು. ಆರು ತಿಂಗಳ ಮೇಲೆ ಬೆಲ್ಲ ನಾಲಿಗೆಗೆ ತಾಗಿದಾಗ ಕಿವಿಯ ಹಿಂದೆಲ್ಲ ಝುಂ ಅಂತು. ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತೆವು. ಅವಳು ಚೀಲದಿಂದ ಡಬ್ಬಿ ತೆಗೆದಳು. ಎಸ್.ಎಸ್. ಬಡಾವಣೆಯ ಹೆಣ್ಣುಮಗಳು ನನಗೆ ಅಂತಲೇ ಕಟ್ಟಿಕೊಟ್ಟ ಖರ್ಜೂರದ ಕೇಕು, ಮೂಲೆಯ ತುಂಡು. ಇಬ್ಬರೂ ಮಾತಾಡಿಕೊಂಡು ಏರ್ಪಾಡು ಮಾಡಿದ್ದರು.

ತಿಂದೆ. ಸೊಸೆ ನನ್ನ ಬಾಯಿಯನ್ನೇ ನೋಡುತ್ತಾ ಕೂತಿದ್ದಳು. ಈಗ ನೋಡುವ ಸರದಿ ಅವಳದು.

"ಹೆಂಗೈತೆ ಅತ್ತೆ?"

ಇದ್ದದ್ದನ್ನು ಇದ್ದ ಹಾಗೆ ಹೇಳುವುದು ನನ್ನ ಸ್ವಭಾವ. "ಸಿಹಿ ಜಾಸ್ತಿಯಾಯ್ತು. ಖರ್ಜೂರನೇ ಸಿಹಿ, ಮೇಲೆ ಅಷ್ಟು ಸಕ್ಕರೆ ಯಾಕ ಬೇಕಿತ್ತು? ಬುಧವಾರ ಹೇಳ್ತೀನಿ ಅವಳಿಗೆ."

ಅವಳು ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಲೆ ಎತ್ತಿ ನೋಡಿದರು. ಹಂಗಾದ್ರೆ ಇತ್ತ ಕೊಡ್ರಿ ಅಂತ ನನ್ನ ಕೈಯಲ್ಲಿ ಉಳಿದಿದ್ದ ತುಂಡನ್ನು ಕಿತ್ತುಕೊಂಡು, ಅಷ್ಟನ್ನೂ ಒಂದೇ ಸಲ ಬಾಯಿಗೆ ಹಾಕಿಕೊಂಡಳು.